ಪೊರೆ ತೆಗೆದ ಮೇಲೆ

ನಮ್ಮ ಆಯಿಯ ಕಣ್ಣಿಗೆ ಪೊರೆ ಬಂದಿದೆಯೆಂಬ ಸಂಗತಿಯನ್ನು ಮೊದಲು ಹೊರಗೆಡಹಿದ್ದು ಅನ್ನದೊಳಗಿನ ಕಲ್ಲು. ಜೋಯಿಡಾ ತಾಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಊಟಕ್ಕೆ ಕುಳಿತವರ ಹಲ್ಲಿಗೆ ಕಲ್ಲು ಸಿಕ್ಕಿತೆಂಬುದು ನನ್ನ ಬಾಲ್ಯದಲ್ಲಿ ಕೇಳದ ಮಾತು. ಮೊರದ ಮೇಲೆ ಅಕ್ಕಿಯನ್ನು ಹರಡಿ, ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು, ಬೆರಳ ತುದಿಯಿಂದ ಕಲ್ಲನ್ನೂ ನೆಲ್ಲನ್ನೂ ಚಿಮ್ಮುತ್ತಿದ್ದ ಆ ಕೈಯ ಚುರುಕನ್ನು ನೋಡುತ್ತ ಬೆಳೆದವನು ನಾನು. ಎರಡು ವರ್ಷದ ಹಿಂದೆ ದಸರೆಯ ರಜೆಗೆ ಊರಿಗೆ ಹೋದಾಗ ಮೊದಲನೆಯ ದಿನ ಒಂದು ಕಲ್ಲು ಸಿಕ್ಕಿತು, ಮಾತನಾಡದೆ ತೆಗೆದಿಟ್ಟೆ. ಮರುದಿನ ಎರಡು ಸಿಕ್ಕವು. ಮೂರನೆಯ ದಿನ ಮೊಮ್ಮಗಳ ಹಾಲಿಗೆ ಸಕ್ಕರೆಯ ಬದಲು ಉಪ್ಪು ಬಿದ್ದಿತು. ಹುಡುಗಿ ನಕ್ಕಳು, ಆಯಿಯೂ ನಕ್ಕಳು. ಆದರೆ ಆ ನಗೆಯಲ್ಲಿ ಗುಟ್ಟು ಬಯಲಾದವರ ಅಳುಕು ಇದ್ದುದು ನನಗೆ ಕಂಡಿತು.

ದಾಂಡೇಲಿಯ ಕಾಲೇಜೊಂದರಲ್ಲಿ ಹುಡುಗರಿಗೆ ಕನ್ನಡ ಕಲಿಸುವುದು ನನ್ನ ವೃತ್ತಿ. ಅಕ್ಕನನ್ನು ಹಳಿಯಾಳಕ್ಕೆ ಕೊಟ್ಟಿದೆ. ಅಪ್ಪ ತೀರಿಕೊಂಡಂದಿನಿಂದ ಆಯಿ ಊರ ಮನೆಯಲ್ಲಿ ಒಬ್ಬಳೇ ಇರುವವಳು. ಒಂದು ತುಂಡು ಅಡಿಕೆ ತೋಟ, ಒಂದು ಆಕಳು, ಕೂಗಳತೆಯಲ್ಲಿ ನೆರೆಮನೆ. ಕಣ್ಣನ್ನು ತೋರಿಸೋಣ, ಪೊರೆ ತೆಗೆಸೋಣ ಎಂದಾಗ ಅವಳು ಕೊಟ್ಟ ಉತ್ತರ ಒಂದೇ:

“ಎಂತಕ್ಕೆ ತಮಾ ಇದೆಲ್ಲ? ಕಂಡಷ್ಟು ಸಾಕು ನಂಗೆ.”

ಒಂದು ವರ್ಷ ಈ ಉತ್ತರವೇ ನಡೆಯಿತು. ಕಾರಣ ದುಡ್ಡಲ್ಲ, ಕತ್ತರಿಯ ಭಯವೂ ಅಲ್ಲ. ಆಯಿ ಒಮ್ಮೆ ಪೊರೆ ತೆಗೆಯುವುದನ್ನು ಕಂಡಿದ್ದಳು. ಕಂಡಿದ್ದಳೆಂಬುದಕ್ಕಿಂತ ಅದರ ಆರೈಕೆಯನ್ನು ಮಾಡಿದ್ದಳು ಎನ್ನಬೇಕು. ಅದು 1970ರ ಬೇಸಿಗೆ. ಅವಳಿಗೆ ಆಗ ಹದಿನೈದು ವರ್ಷ. ತಾಯಿಯ ತವರು ಹಳೆಯ ಸೂಪಾದ ಕಡೆಯದು. ಇಂದು ಅದು ಕಾಳಿ ನದಿಯ ಅಣೆಕಟ್ಟಿನ ನೀರಿನ ಕೆಳಗಿದೆ. ನನ್ನ ಅಜ್ಜನನ್ನು, ಎಂದರೆ ಅವಳ ತಂದೆಯನ್ನು, ಎತ್ತಿನ ಗಾಡಿಯಲ್ಲಿಯೂ ಬಸ್ಸಿನಲ್ಲಿಯೂ ಹಳಿಯಾಳಕ್ಕೆ ಕರೆತಂದು, ಶಾಲೆಯೊಂದರಲ್ಲಿ ನಡೆದಿದ್ದ ಕಣ್ಣಿನ ಶಿಬಿರದಲ್ಲಿ ಸೇರಿಸಿದ್ದರು. ಬೆಂಚುಗಳನ್ನೆಲ್ಲ ಹೊರಗೆ ಹಾಕಿ ನೆಲದ ಮೇಲೆ ಚಾಪೆಗಳ ಸಾಲು. ಆಪರೇಶನ್ ಆದವರಿಗೆ ಎರಡೂ ಕಣ್ಣುಗಳಿಗೆ ಕಟ್ಟು. ತಲೆಯ ಎರಡು ಬದಿಗೆ ಮರಳು ತುಂಬಿದ ಚೀಲ. ಮಗ್ಗುಲಾಗುವಂತಿಲ್ಲ, ಕೆಮ್ಮುವಂತಿಲ್ಲ, ಸೀನುವಂತಿಲ್ಲ, ನಗುವಂತಿಲ್ಲ. ಜಗಿಯಬೇಕಾದ ಯಾವುದನ್ನೂ ತಿನ್ನುವಂತಿಲ್ಲ. ಚಮಚೆಯಿಂದ ಗಂಜಿ. ಹೀಗೆ ಏಳು ದಿನ. ಮಗ್ಗುಲಲ್ಲಿ ಕುಳಿತು ಅಪ್ಪನ ತಲೆ ಅಲುಗದಂತೆ ನೋಡಿಕೊಳ್ಳುವ ಕೆಲಸ ಹದಿನೈದು ವರ್ಷದ ಹುಡುಗಿಯ ಪಾಲಿಗೆ ಬಂದಿತ್ತು. ಅಜ್ಜನ ಗುಂಡು ಗಾಜಿನ ದಪ್ಪ ಕನ್ನಡಕವನ್ನು ನಾನು ಪೆಟ್ಟಿಗೆಯಲ್ಲಿ ಕಂಡು ಬಲ್ಲೆ. ಹುಡುಗರಾಗಿದ್ದಾಗ ಅದರಿಂದ ಬಿಸಿಲನ್ನು ಹಿಡಿದು ಒಣ ಎಲೆಗೆ ಕಿಡಿ ಹೊತ್ತಿಸುತ್ತಿದ್ದೆವು.

“ಏಳು ದಿನ ಆನು ಮಲಗಿದ್ರೆ ಕೊಟ್ಟಿಗೆ ಯಾರು ನೋಡ್ತ?” ಎಂಬುದು ಆಯಿಯ ಪ್ರಶ್ನೆ. ಆ ಪ್ರಶ್ನೆಯ ಹಿಂದೆ ಇನ್ನೊಂದು ಸಂಗತಿ ಇದ್ದಿತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಮರಳು ಚೀಲದ ಆ ಕಟ್ಟಳೆ ಸುಮ್ಮನೆ ಹುಟ್ಟಿದುದಲ್ಲ. ಅಂದಿನ ರೀತಿಯಲ್ಲಿ ಕರಿಯಾಲಿಯ ಅಂಚಿನುದ್ದಕ್ಕೆ ಅರ್ಧಚಂದ್ರದಷ್ಟು ಕೊಯ್ದು, ಮಬ್ಬಾದ ಮಸೂರವನ್ನು ಇಡಿಯಾಗಿ ಹೊರತೆಗೆಯುತ್ತಿದ್ದರು. ಅಷ್ಟು ದೊಡ್ಡ ಗಾಯ ಕೂಡುವವರೆಗೆ ಒಂದು ಸೀನು ಸಾಕು, ಒಳಗಿನ ದ್ರವ ಹೊರಗೆ ಬರುವುದಕ್ಕೆ. ನಮ್ಮ ದೇಶದಲ್ಲಿ ಈ ಎಚ್ಚರ ಇನ್ನೂ ಹಳೆಯದು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಲಿಂಗನಾಶವೆಂಬ ಹೆಸರಿನಿಂದ ಪೊರೆಯ ವಿಚಾರ ಬಂದಿದೆ. ಜವೆಯ ಕಾಳಿನ ಮೊನೆಯಂತಹ ಶಲಾಕೆಯಿಂದ ಕಣ್ಣನ್ನು ಚುಚ್ಚಿ ದೃಷ್ಟಿಗೆ ಅಡ್ಡವಾದುದನ್ನು ಬದಿಗೆ ಸರಿಸುವ ವಿಧಾನವನ್ನು ಹೇಳಿದ ಬಳಿಕ, ರೋಗಿ ತೇಗಬಾರದು, ಕೆಮ್ಮಬಾರದು, ಸೀನಬಾರದು, ಉಗುಳಬಾರದು ಎಂದೂ ಅಂಗಾತ ಮಲಗಿರಬೇಕೆಂದೂ ಆ ಗ್ರಂಥ ವಿಧಿಸುತ್ತದೆ. ಹತ್ತು ದಿನಗಳ ಪಥ್ಯ. ಹಳಿಯಾಳದ ಶಾಲೆಯ ನೆಲದ ಮೇಲೆ ನನ್ನ ಅಜ್ಜ ಪಾಲಿಸಿದ ನೇಮಕ್ಕೂ ಇದಕ್ಕೂ ನಡುವೆ ಶತಮಾನಗಳೇ ಕಳೆದಿದ್ದರೂ ಅಂತರ ಮೂರು ದಿನ ಮಾತ್ರ!

ಕಣ್ಣಿನ ಶಿಬಿರವೆಂದೊಡನೆ ಕನ್ನಡಿಗರಿಗೆ ನೆನಪಾಗುವ ಹೆಸರು ಡಾಕ್ಟರ್ ಎಂ. ಸಿ. ಮೋದಿಯವರದು. ಬೀಳಗಿಯಲ್ಲಿ ಹುಟ್ಟಿದ ಮುರಿಗೆಪ್ಪ ಚನ್ನವೀರಪ್ಪ ಮೋದಿಯವರು ಊರೂರಿಗೆ ಹೋಗಿ ಸಾಮೂಹಿಕವಾಗಿ ಕಣ್ಣಿನ ಶಸ್ತ್ರಚಿಕಿತ್ಸೆ ನಡೆಸಿದವರು. 1956ರಲ್ಲಿ ಪದ್ಮಶ್ರೀಯೂ 1968ರಲ್ಲಿ ಪದ್ಮಭೂಷಣವೂ ಅವರಿಗೆ ಸಂದವು. 1993ರ ಫೆಬ್ರವರಿಯವರೆಗೆ ಅವರು ಮಾಡಿದ ಶಸ್ತ್ರಚಿಕಿತ್ಸೆಗಳ ಸಂಖ್ಯೆ 6,10,564 ಎಂದು ಗಿನ್ನೆಸ್ ದಾಖಲೆಯ ಪುಸ್ತಕ ಲೆಕ್ಕ ಕೊಟ್ಟಿತು. 2005ರಲ್ಲಿ ಅವರು ತೀರಿಕೊಂಡರು. ನಮ್ಮ ಅಜ್ಜ ಹೋದ ಶಿಬಿರ ಅವರದಲ್ಲ. ಆದರೆ ಅಂತಹ ಶಿಬಿರಗಳಿಗೆ ಹೋಗುವ ಧೈರ್ಯವನ್ನು ಹಳ್ಳಿಯ ಜನಕ್ಕೆ ಕೊಟ್ಟ ಹೆಸರು ಅವರದೇ. ಆ ಲಕ್ಷಾಂತರ ಕಣ್ಣುಗಳ ಲೆಕ್ಕದಲ್ಲಿ ಸೇರದವರು ಬೇರೆ ಇದ್ದಾರೆ. ಚಾಪೆಯ ಮಗ್ಗುಲಲ್ಲಿ ಗಂಜಿಯ ಬಟ್ಟಲು ಹಿಡಿದು ಕುಳಿತ ಹೆಂಡಂದಿರು, ಸೊಸೆಯರು, ಹೆಣ್ಣುಮಕ್ಕಳು. ಅವರನ್ನು ಎಣಿಸಿದವರುಂಟೆ?

ಈಗಿನ ರೀತಿ ಬೇರೆ. ಇದರ ಕತೆ ಸ್ವಾರಸ್ಯವಾದುದು. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ವಿಮಾನ ಚಾಲಕರ ಕಣ್ಣುಗಳಲ್ಲಿ ವಿಮಾನದ ಮೇಲ್ಮುಸುಕಿನ ಪಾರದರ್ಶಕ ಪ್ಲಾಸ್ಟಿಕ್ಕಿನ ಚೂರುಗಳು ಹೊಕ್ಕು ಉಳಿದಾಗ, ಕಣ್ಣು ಅವುಗಳನ್ನು ತಾಳಿಕೊಂಡುದನ್ನು ಹೆರಾಲ್ಡ್ ರಿಡ್ಲೆ ಎಂಬ ವೈದ್ಯ ಗಮನಿಸಿದ. ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿ 1949ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಒಬ್ಬ ರೋಗಿಯ ಕಣ್ಣಿನೊಳಗೆ ಇಟ್ಟ. ಅಜ್ಜನ ಗುಂಡು ಗಾಜು ಕಣ್ಣಿನ ಹೊರಗಿನಿಂದ ಒಳಗೆ ಹೋದದ್ದು ಹೀಗೆ. ಅಮೆರಿಕದ ಚಾರ್ಲ್ಸ್ ಕೆಲ್ಮನ್ ಹಲ್ಲಿನ ವೈದ್ಯರು ಕಿಟ್ಟ ತೆಗೆಯಲು ಬಳಸುವ ಶ್ರವಣಾತೀತ ಕಂಪನದ ಉಪಕರಣವನ್ನು ಕಂಡು, ಅದೇ ಉಪಾಯದಿಂದ ಮಸೂರವನ್ನು ಒಳಗೇ ಪುಡಿಮಾಡಿ ಹೀರಿ ತೆಗೆಯುವ ಕ್ರಮವನ್ನು 1967ರಲ್ಲಿ ಪ್ರಯೋಗಿಸಿದ. 1992ರಲ್ಲಿ ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯವರು ಆರೋಲ್ಯಾಬ್ ಎಂಬ ಕಾರ್ಖಾನೆಯನ್ನು ಸ್ಥಾಪಿಸಿ ಮಸೂರಗಳನ್ನು ಇಲ್ಲಿಯೇ ತಯಾರಿಸತೊಡಗಿದ ಮೇಲೆ ಅದರ ಬೆಲೆ ಬಡವರ ಕೈಗೆ ಎಟುಕುವಂತಾಯಿತು. ಕೊಯ್ತ ಈಗ ಕೆಲವೇ ಮಿಲಿಮೀಟರಿನದು. ಅದನ್ನು ಓರೆಯಾಗಿ, ಸುರಂಗದಂತೆ ಮಾಡುವುದರಿಂದ ಕಣ್ಣಿನ ಒಳಗಿನ ಒತ್ತಡವೇ ಬಾಗಿಲನ್ನು ಮುಚ್ಚಿಬಿಡುತ್ತದೆ. ಹೊಲಿಗೆ ಬೇಡ, ಮರಳು ಚೀಲ ಬೇಡ. ಬೆಳಿಗ್ಗೆ ಹೋದವರು ಸಂಜೆಗೆ ಮನೆಯಲ್ಲಿ.

ಇದನ್ನೆಲ್ಲ ಆಯಿಗೆ ವಿವರಿಸಿ ಹೇಳಿದೆ. “ಸಂಜೆಗೇ ಬಪ್ಪಲಾಗ್ತು ಹೇಳಾದ್ರೆ ನೋಡನ” ಎಂದಳು. ಒಪ್ಪಿಗೆ ದೊರಕಿತು. ಈ ‘ಸಂಜೆಗೇ’ ಎಂಬ ಮಾತನ್ನು ನಾನು ಬಹಳ ಸುಲಭವಾಗಿ ಆಡಿಬಿಟ್ಟೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಮೊದಲ ಭೇಟಿಗೇ ಒಂದು ಇಡೀ ದಿನ ಹಿಡಿಯಿತು. ರಕ್ತದೊತ್ತಡ, ಸಕ್ಕರೆ, ಹೃದಯದ ಪಟ. ಕಣ್ಣೀರಿನ ನಾಳ ಕಟ್ಟಿದೆಯೋ ಎಂದು ನೀರು ಹಾಯಿಸಿ ನೋಡುವುದು, ಏಕೆಂದರೆ ಅಲ್ಲಿ ಕೀವು ನಿಂತಿದ್ದರೆ ಅದು ಹೊಸ ಗಾಯಕ್ಕೆ ಇಳಿಯಬಹುದು. ಆ ಮೇಲೆ ಕಣ್ಣುಗುಡ್ಡೆಯ ಉದ್ದವನ್ನೂ ಮುಂಭಾಗದ ಬಾಗನ್ನೂ ಅಳೆಯುವುದು. ಇಡಬೇಕಾದ ಮಸೂರದ ಶಕ್ತಿ ನಿಶ್ಚಯವಾಗುವುದು ಈ ಅಳತೆಯಿಂದ. ಇಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕನ್ನಡಕದ ನಂಬರು ಉಳಿದುಕೊಳ್ಳುತ್ತದೆ. ದಿನವೂ ನುಂಗುವ ಗುಳಿಗೆಗಳ ಹೆಸರನ್ನೆಲ್ಲ ಬರೆದು ತರಬೇಕೆಂದರು. ಇದು ತೀರ ಸಣ್ಣ ಮಾತೆಂದು ನನಗೆ ಅನಿಸಿತ್ತು. ಮುಂಡಗೋಡದವರಾದ ನನ್ನ ಸಹೋದ್ಯೋಗಿಗಳೊಬ್ಬರು ತಮ್ಮ ತಂದೆಯ ಸಂಗತಿಯನ್ನು ಹೇಳಿದ ಮೇಲೆ ತಿಳಿಯಿತು. ಆ ಹಿರಿಯರು ಮೂತ್ರದ ತೊಂದರೆಗಾಗಿ ರಾತ್ರಿ ಒಂದು ಗುಳಿಗೆ ನುಂಗುತ್ತಿದ್ದರು. ಸೊಸೆಯ ಮುಂದೆ ಹೇಳಲು ನಾಚಿ ಮುಚ್ಚಿಟ್ಟರು. ಟ್ಯಾಮ್ಸುಲೋಸಿನ್ ಎಂಬ ಆ ಔಷಧದಿಂದ ಕಣ್ಣಿನ ಒಳಪರದೆ ಸಡಿಲಾಗಿ, ಶಸ್ತ್ರಚಿಕಿತ್ಸೆಯ ನಡುವೆ ಪಟಪಟನೆ ಅಲುಗತೊಡಗುತ್ತದೆ. ಮೊದಲೇ ತಿಳಿದಿದ್ದರೆ ವೈದ್ಯರು ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಳ್ಳುತ್ತಾರೆ. ಹಿರಿಯರ ಪುಣ್ಯ, ವೈದ್ಯರ ಕೈ ನುರಿತದ್ದು. ನಾಚಿಕೆಗೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಎಡೆಯಿಲ್ಲ.

ಗೊತ್ತಾದ ದಿನದ ಹಿಂದಿನ ಸಂಜೆ ಆಯಿಗೆ ತಲೆಸ್ನಾನ. ಮುಂದೆ ಎರಡು ವಾರ ತಲೆಗೆ ನೀರು ಹಾಕುವಂತಿಲ್ಲವಷ್ಟೆ. ಬಳೆ, ಮೂಗುತಿಗಳನ್ನು ಅಕ್ಕನ ಕೈಗೆ ಕೊಟ್ಟಾಯಿತು. ಪೂರ್ತಿ ಎಚ್ಚರ ತಪ್ಪಿಸುವ ಶಸ್ತ್ರಚಿಕಿತ್ಸೆಯಾದರೆ ಹೊಟ್ಟೆ ಬರಿದಾಗಿರಬೇಕು. ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯುವ ಅಪಾಯವುಂಟು. ಕಣ್ಣನ್ನು ಮಾತ್ರ ಮರಗಟ್ಟಿಸುವ ಈ ಕೆಲಸಕ್ಕೆ ಲಘುವಾಗಿ ತಿಂದು ಬರಲು ನಮಗೆ ಹೇಳಿದ್ದರು. ಆಯಿ ಒಪ್ಪಲಿಲ್ಲ. ಉಪವಾಸವಿಲ್ಲದೆ ನಡೆಯುವ ದೊಡ್ಡ ಕಾರ್ಯ ಯಾವುದೆಂಬುದು ಅವಳ ವಾದ. ಕೊನೆಗೆ ಅಕ್ಕ ಗದರಿದ ಮೇಲೆ ಎರಡು ಇಡ್ಲಿ ತಿಂದಳು.

ಆಪರೇಶನ್ನಿನ ವಿಚಾರ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಹುಬ್ಬಿನ ಮೇಲೆ ಗುರುತು ಹಾಕಿದರು. ಆಲಿ ಅರಳಲು ಹನಿಗಳನ್ನು ಮತ್ತೆ ಮತ್ತೆ ಹಾಕಿದರು. ಹಸಿರು ಟೊಪ್ಪಿಗೆ ತೊಡಿಸಿ ಒಳಗೆ ಕರೆದೊಯ್ದರು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿದೆ. ನಾಲ್ಕು ಪತ್ರಿಕೆ ತಿದ್ದುವಷ್ಟರಲ್ಲಿ ಆಯಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನಡೆದೇ ಬಂದಳು. ಅರ್ಧ ಗಂಟೆ ಕುಳ್ಳಿರಿಸಿ, ಚಹಾ ಕೊಟ್ಟು, ಒಂದು ಕಾಗದವನ್ನೂ ಮೂರು ಸಣ್ಣ ಸೀಸೆಗಳನ್ನೂ ನನ್ನ ಕೈಯಲ್ಲಿಟ್ಟು, ನಾಳೆ ಬೆಳಿಗ್ಗೆ ಬನ್ನಿರೆಂದರು.

ಆ ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ಇದನ್ನು ದೂರೆಂದು ಹೇಳುತ್ತಿಲ್ಲ. ಎಲ್ಲ ಕಡೆಯೂ ಹಾಗೆಯೇ. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಒಂದು ಪುಟದ ಅನುವಾದ ಯಾವ ಲೆಕ್ಕ ಎಂದುಕೊಂಡು ಅಕ್ಕನ ಮನೆಯಲ್ಲಿ ರಾತ್ರಿ ಬರೆಯಲು ಕುಳಿತೆ. ಮೊದಲ ವಾರ ದಿನಕ್ಕೆ ಆರು ಸಲ, ಎರಡನೆಯ ವಾರ ಐದು ಸಲ, ಹೀಗೆ ಇಳಿಸುತ್ತ ಹೋಗುವ ಕ್ರಮಕ್ಕೆ ನಾನು ‘ಅವರೋಹಣ ಕ್ರಮ’ ಎಂದು ಬರೆದುದನ್ನು ಕಂಡು ಅಕ್ಕ ನಕ್ಕಳು. ಓದಲು ಕಣ್ಣಿಲ್ಲದವಳಿಗೆ ಬರೆಹ ಯಾಕೆಂದು ಕೇಳಿದವಳು ಅವಳೇ. ಒಳಗೆ ಹೋಗಿ ಆರು ಅಡಿಕೆಗಳನ್ನೂ ಎರಡು ಬಟ್ಟಲುಗಳನ್ನೂ ತಂದಳು. ಹನಿ ಹಾಕಿದಾಗಲೊಮ್ಮೆ ಒಂದು ಅಡಿಕೆ ಈ ಬಟ್ಟಲಿನಿಂದ ಆ ಬಟ್ಟಲಿಗೆ. ರಾತ್ರಿ ಮಲಗುವಾಗ ಈ ಬಟ್ಟಲು ಬರಿದಾಗಿರಬೇಕು. ಬರುವ ವಾರ ಒಂದು ಅಡಿಕೆಯನ್ನು ತೆಗೆದಿಟ್ಟರಾಯಿತು. ನನ್ನ ಅವರೋಹಣ ಕ್ರಮವನ್ನು ಮಡಚಿ ಜೇಬಿಗೆ ಸೇರಿಸಿದೆ.

ಒಂದು ದಿನದ ಶಸ್ತ್ರಚಿಕಿತ್ಸೆಯೆಂಬುದು ಹೊಸದಾಗಿ ಹುಟ್ಟಿದುದೆಂದು ನಾವು ತಿಳಿದಿದ್ದೇವೆ. ಸ್ಕಾಟ್‌ಲಂಡಿನ ಗ್ಲಾಸ್ಗೋ ನಗರದಲ್ಲಿ ಜೇಮ್ಸ್ ನಿಕೋಲ್ ಎಂಬ ಶಸ್ತ್ರವೈದ್ಯ ಹತ್ತು ವರ್ಷಗಳ ಅವಧಿಯಲ್ಲಿ 8,988 ಮಕ್ಕಳಿಗೆ ಹೀಗೆ ಶಸ್ತ್ರಚಿಕಿತ್ಸೆ ನಡೆಸಿ ಆ ದಿನವೇ ಮನೆಗೆ ಕಳಿಸಿದುದನ್ನು 1909ರಷ್ಟು ಹಿಂದೆಯೇ ವರದಿ ಮಾಡಿದ್ದ. ತಾಯಿಯ ಮಡಿಲಿನಲ್ಲಿ ಮಗು ವಾರ್ಡಿಗಿಂತ ಚೆನ್ನಾಗಿ ಗುಣವಾಗುತ್ತದೆಂಬುದು ಅವನ ನಂಬಿಕೆ. ಆದರೆ ಅವನು ಮಗುವನ್ನು ಕಳಿಸಿ ಕೈತೊಳೆದುಕೊಳ್ಳಲಿಲ್ಲ. ದಾದಿಯರು ಆ ಮನೆಗಳಿಗೆ ಹೋಗಿ ನೋಡಿಕೊಂಡು ಬರುವ ಏರ್ಪಾಡು ಮಾಡಿದ್ದ. ನಾವು ಅವನ ಮೊದಲರ್ಧವನ್ನು ಮಾತ್ರ ತೆಗೆದುಕೊಂಡಿದ್ದೇವೆಂದು ನನಗೆ ತೋರುತ್ತದೆ. ಆಸ್ಪತ್ರೆಯ ಪಾಲು ಏಳು ದಿನದಿಂದ ಒಂದು ಗಳಿಗೆಗೆ ಇಳಿಯಿತು, ನಿಜ. ಗಾಯ ಮಾಯುವ ಕಾಲ ಅಷ್ಟಕ್ಕೆ ಇಳಿಯಲಿಲ್ಲ. ಉಳಿದ ದಿನಗಳು ಮನೆಯ ಲೆಕ್ಕಕ್ಕೆ ಬಂದವು. ಮನೆಯಲ್ಲಿ ಯಾರಿದ್ದಾರೆ, ಆ ಮನೆ ಎಷ್ಟು ದೂರದಲ್ಲಿದೆ ಎಂದು ಯಾರೂ ಅಳೆದು ನೋಡಲಿಲ್ಲ. ಕಣ್ಣುಗುಡ್ಡೆಯ ಉದ್ದವನ್ನು ಅಷ್ಟು ನಿಷ್ಕೃಷ್ಟವಾಗಿ ಅಳೆದ ದಿನ ನಾನೂ ಅದನ್ನು ಅಳೆಯಲಿಲ್ಲ.

ಕನ್ನಡದ ಮೇಷ್ಟರ ಚಪಲವೆಂದು ವಾಚಕರು ಕ್ಷಮಿಸುವುದಾದರೆ ಒಂದು ಮಾತು. ಪೊರೆ ಎಂದರೆ ಮುಚ್ಚಿದ ತೆಳುವಾದ ಪದರ. ಹಾವು ಬಿಡುವುದೂ ಪೊರೆಯೇ. ಹಳಗನ್ನಡ ಓದಿದವರಿಗೆ ಇನ್ನೊಂದು ಪೊರೆಯೂ ಗೊತ್ತು: ಸಲಹು, ಕಾಪಾಡು ಎಂಬರ್ಥದ ಧಾತು. ಎರಡಕ್ಕೂ ಮೂಲದಲ್ಲಿ ನಂಟಿದೆಯೆಂದು ನಾನು ಸಾಧಿಸಹೊರಟಿಲ್ಲ. ತರಗತಿಯಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಬಿಡಿಸಿ ಹೇಳುತ್ತ ಬಂದವನಿಗೆ, ಆ ರಾತ್ರಿ ಹಳಿಯಾಳದಲ್ಲಿ ಮೂರು ಸೀಸೆಗಳನ್ನು ಮುಂದಿಟ್ಟುಕೊಂಡು ಕುಳಿತಾಗ, ಮೊದಲನೆಯದನ್ನು ತೆಗೆದವರು ಹುಬ್ಬಳ್ಳಿಯವರು, ಎರಡನೆಯದು ನಮಗೆ ಬಂದಿದೆ ಎನಿಸಿತು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಕಣ್ಣು ತೆರೆದು ಆಯಿ ಮೊದಲು ನೋಡಿದ್ದು ದಾದಿಯ ಸೀರೆಯನ್ನು. “ಇಷ್ಟು ನೀಲಿ ಇರ್ತೆನ ನೀಲಿ?” ಎಂದಳು. ಹಣ್ಣಾದ ಮಸೂರ ಹಳದಿಗೆ ತಿರುಗಿ ನೀಲಿಯನ್ನು ತಡೆಯುತ್ತದೆ. ಅದು ಹೋದೊಡನೆ ನೀಲಿ ಮೈತುಂಬಿ ಬರುತ್ತದೆ. ಧಾರವಾಡದಿಂದ ಹಳಿಯಾಳಕ್ಕೆ ಮರಳುವ ದಾರಿಯುದ್ದಕ್ಕೂ ಕಪ್ಪು ಕನ್ನಡಕದ ಅಂಚಿನಿಂದ ಆಕಾಶವನ್ನು ಇಣುಕಿ ನೋಡುತ್ತಿದ್ದಳು.

ಹನಿ ಹಾಕುವುದೂ ಒಂದು ವಿದ್ಯೆ. ನನ್ನ ಮೊದಲ ಹನಿ ಆಯಿಯ ಕೆನ್ನೆಗೆ ಬಿತ್ತು, ಎರಡನೆಯದು ಮೂಗಿಗೆ. ಕೈತೊಳೆದುಕೊಂಡು, ಕೆಳರೆಪ್ಪೆಯನ್ನು ಮೆಲ್ಲನೆ ಕೆಳಗೆಳೆದು, ಅಲ್ಲಿ ಆಗುವ ಪುಟ್ಟ ಚೀಲದಲ್ಲಿ ಒಂದೇ ಹನಿಯನ್ನು ಬೀಳಿಸಬೇಕು. ಸೀಸೆಯ ಮೂತಿ ರೆಪ್ಪೆಗೆ ತಾಕಬಾರದು. ಒಂದು ಔಷಧಕ್ಕೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡಬೇಕು. ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ರಾತ್ರಿ ನಿದ್ದೆಗಣ್ಣಿನಲ್ಲಿ ಉಜ್ಜಿಕೊಳ್ಳದಂತೆ ಪ್ಲಾಸ್ಟಿಕ್ಕಿನ ಮುಚ್ಚಳ. ಬಗ್ಗಿ ಭಾರ ಎತ್ತಬಾರದು, ಒಲೆ ಊದಬಾರದು, ಕೊಟ್ಟಿಗೆಯ ಧೂಳಿಗೆ ಹೋಗಬಾರದು.

ನಾಲ್ಕನೆಯ ದಿನವೇ ಆಯಿ ಊರಿಗೆ ಹೊರಡುವೆನೆಂದು ಹಟ ಹಿಡಿದಳು. ಆಕಳು ತುಂಬು ಗಬ್ಬ. ಅಕ್ಕ ಬೇಡವೆಂದಳು, ನಾನು ಅತ್ತ ಇತ್ತ ತೂಗಾಡಿ ಕೊನೆಗೆ ಒಪ್ಪಿದೆ. ನಿಜ ಹೇಳುವುದಾದರೆ ನನಗೂ ಅದು ಅನುಕೂಲವಾಗಿತ್ತು. ಪರೀಕ್ಷೆಯ ಕೆಲಸ ತಲೆಯ ಮೇಲಿತ್ತು. ಭಾನುವಾರದವರೆಗೆ ಊರಲ್ಲಿ ಜೊತೆಗಿದ್ದು, ನೆರೆಮನೆಯ ಹುಡುಗನಿಗೆ ಹನಿ ಹಾಕುವ ಕ್ರಮವನ್ನು ಕಲಿಸಿ, ಬಟ್ಟಲುಗಳನ್ನು ದೇವರ ಗೂಡಿನ ಕೆಳಗಿಟ್ಟು, ಸೋಮವಾರ ದಾಂಡೇಲಿಗೆ ಬಂದೆ. ನಮ್ಮ ಊರಿನಲ್ಲಿ ಫೋನಿನ ಸಂಕೇತ ಸಿಗುವುದು ಶಾಲೆಯ ಹಿಂದಿನ ದಿಬ್ಬದ ಮೇಲೆ ಮಾತ್ರ. ಸುದ್ದಿಯಿಲ್ಲವೆಂದರೆ ಕ್ಷೇಮವೆಂದೇ ಅರ್ಥ ಮಾಡಿಕೊಳ್ಳುವುದು ನಮಗೆ ರೂಢಿ.

ಗುರುವಾರ ಸಂಜೆ ಆ ದಿಬ್ಬದ ಮೇಲಿನಿಂದ ಊರಿನ ಆಶಾ ಕಾರ್ಯಕರ್ತೆ ಫೋನು ಮಾಡಿದಳು. ಬಾಣಂತಿಯೊಬ್ಬಳನ್ನು ನೋಡಲು ಬಂದವಳು ದಾರಿಯಲ್ಲಿ ಆಯಿಯನ್ನು ಮಾತನಾಡಿಸಿದ್ದಳಂತೆ. ಕಣ್ಣು ಕೆಂಪಾಗಿದೆ, ಬೆಳಕು ಕಂಡರೆ ಆಗುವುದಿಲ್ಲ, ನೋವಿದೆ. ಬೆಳಗಿನಿಂದ ಯಾರಿಗೂ ಹೇಳಿಲ್ಲ. “ಸರ್, ನಾಳೆ ತನಕ ಕಾಯಬೇಡಿ” ಎಂದಳು.

ಕಾಗದದ ಕೊನೆಯ ಸಾಲನ್ನು ನಾನೇ ಅನುವಾದಿಸಿದ್ದೆ: ನೋವು, ಕೆಂಪು, ದೃಷ್ಟಿ ಕುಗ್ಗುವುದು, ಇವುಗಳಲ್ಲಿ ಯಾವುದು ಕಂಡರೂ ಆ ಗಳಿಗೆಯೇ ಬರತಕ್ಕದ್ದು. ಕಣ್ಣಿನ ಒಳಗೆ ಸೋಂಕು ಹೊಕ್ಕರೆ ಗಂಟೆಗಳ ಲೆಕ್ಕದಲ್ಲಿ ಕಣ್ಣು ಹೋಗಬಹುದು. ಬಾಡಿಗೆಯ ಕಾರು ಹಿಡಿದು ದಾಂಡೇಲಿಯಿಂದ ಕಾಡಿನ ದಾರಿಯಲ್ಲಿ ಊರಿಗೆ, ಊರಿನಿಂದ ಮರಳಿ ಅದೇ ದಾರಿಯಲ್ಲಿ ಹುಬ್ಬಳ್ಳಿಗೆ. ಹೋಗುವ ದಾರಿಯೊಂದೇ ನೂರು ಕಿಲೋಮೀಟರಿಗೂ ಮಿಕ್ಕದ್ದು. ಒಂದೆಡೆ ಕಾಡುಕೋಣವೊಂದು ರಸ್ತೆಯ ನಡುವೆ ನಿಂತಿತ್ತು. ಚಾಲಕ ದೀಪ ಆರಿಸಿ ಕಾದ. ಆ ಕತ್ತಲೆಯಲ್ಲಿ ಆಯಿ ಮೆಲ್ಲನೆ, “ಆಕಳು ಕರ ಹಾಕಿತು, ಹೆಣ್ಣು” ಎಂದಳು. ನನಗೆ ಉತ್ತರ ಕೊಡಲಾಗಲಿಲ್ಲ.

ನಡುರಾತ್ರಿಯ ಪಾಳಿಯ ವೈದ್ಯೆ ಚಿಕ್ಕ ವಯಸ್ಸಿನವರು. ಸೂಕ್ಷ್ಮದರ್ಶಕದಂತಹ ದೀಪದಲ್ಲಿ ಬಹಳ ಹೊತ್ತು ನೋಡಿದರು. ಸೋಂಕಿಲ್ಲ, ಒಳಗೆ ಉರಿಯೂತವಿದೆ ಎಂದರು. ಶಸ್ತ್ರ ತಾಕಿದ ಕಣ್ಣು ಕೆರಳುವುದು ಸಹಜ. ಅದನ್ನು ಅಡಗಿಸಿಡುವುದೇ ಆ ಹನಿಯ ಕೆಲಸ. ಅದನ್ನು ಫಕ್ಕನೆ ನಿಲ್ಲಿಸಿದರೆ ಹೀಗಾಗುತ್ತದೆ. ಆಮೇಲೆ ತಲೆಯೆತ್ತಿ ಕೇಳಿದರು:

“ಹನಿ ಯಾರು ಹಾಕ್ತಿದ್ರು?”

ನೆರೆಮನೆಯ ಹುಡುಗ ಮಂಗಳವಾರವೇ ಯಾವುದೋ ಮದುವೆಗೆ ಹೋಗಿದ್ದ. ಆಯಿ ತಾನೇ ಹಾಕಿಕೊಂಡಿದ್ದಳು. ಎಷ್ಟು ಹನಿ ಕಣ್ಣಿಗೆ ಬಿದ್ದವೋ, ಎಷ್ಟು ಸೆರಗಿಗೆ ಬಿದ್ದವೋ. ಅಡಿಕೆಗಳು ಮಾತ್ರ ದಿನವೂ ತಪ್ಪದೆ ಆ ಬಟ್ಟಲಿಗೆ ಹೋಗಿದ್ದವು. ವೈದ್ಯೆಯ ಪ್ರಶ್ನೆಗೆ ನಾನೂ ಉತ್ತರ ಹೇಳಲಿಲ್ಲ, ಆಯಿಯೂ ಹೇಳಲಿಲ್ಲ. ಅವರು ಎರಡನೆಯ ಸಲ ಕೇಳಲಿಲ್ಲ.

ಗಂಟೆಗೊಮ್ಮೆ ಹನಿ ಹಾಕಬೇಕಾಯಿತು. ಮೂರು ದಿನ ಹುಬ್ಬಳ್ಳಿಯಲ್ಲಿದ್ದು, ಕೆಂಪು ಇಳಿದ ಮೇಲೆ ಆಯಿಯನ್ನು ದಾಂಡೇಲಿಯ ನಮ್ಮ ಮನೆಗೆ ಕರೆತಂದೆ. ಆಕಳನ್ನೂ ಕರುವನ್ನೂ ನೆರೆಮನೆಯವರು ನೋಡಿಕೊಂಡರು. ಇದನ್ನು ಮೊದಲೇ ಕೇಳಿದ್ದರೆ ಮೊದಲೇ ಒಪ್ಪುತ್ತಿದ್ದರು. ಬೆಳಗಿನ ಹನಿಗಳು ನನ್ನ ಹೆಂಡತಿಯವು, ಮಧ್ಯಾಹ್ನದವು ಮಗಳವು, ಸಂಜೆಯವೂ ರಾತ್ರಿಯವೂ ನನ್ನವು. ನಾಲ್ಕು ವಾರ ಹೀಗೆ ನಡೆಯಿತು.

ಒಂದು ಹನಿಗೂ ಇನ್ನೊಂದಕ್ಕೂ ನಡುವಿನ ಐದು ನಿಮಿಷ ಕಣ್ಣು ಮುಚ್ಚಿಕೊಂಡು ಕುಳಿತಿರಬೇಕಷ್ಟೆ. ಕಣ್ಣು ಮುಚ್ಚಿದವರು ಮಾತನಾಡುವ ರೀತಿ ಬೇರೆ. ನಾನು ಹುಟ್ಟುವ ಮೊದಲಿನ ಸೂಪಾದ ಪೇಟೆ, ಹೊಳೆಯ ದಂಡೆ, ತವರಿನ ಮಾವಿನ ಮರ ಇವೆಲ್ಲ ಆ ಐದೈದು ನಿಮಿಷಗಳಲ್ಲಿ ತುಂಡು ತುಂಡಾಗಿ ಬಂದವು. ಒಂದು ರಾತ್ರಿ ಅಜ್ಜನ ಶಿಬಿರದ ಮಾತು ಬಂತು. ನಾಲ್ಕನೆಯ ದಿನದ ರಾತ್ರಿ ಅವಳಿಗೆ ನಿದ್ದೆ ತಡೆಯಲಾಗಲಿಲ್ಲವಂತೆ. ಚಾಪೆಯ ಅಂಚಿನಲ್ಲಿ ಕುಳಿತಲ್ಲಿಯೇ ಮಲಗಿಬಿಟ್ಟಳು. ಎಚ್ಚರವಾದಾಗ ಅಪ್ಪ ಮಗ್ಗುಲಾಗಿ ಮಲಗಿದ್ದ; ಮರಳಿನ ಚೀಲ ಉರುಳಿತ್ತು, ಕಟ್ಟು ಸಡಿಲಿಸಿತ್ತು. ಯಾರೂ ನೋಡುವ ಮುಂಚೆ ತಲೆಯನ್ನು ನೆಟ್ಟಗೆ ತಿರುಗಿಸಿ, ಚೀಲವನ್ನು ಇದ್ದಲ್ಲಿಯೇ ಇಟ್ಟಳು. ಆ ಕಣ್ಣು ಕೊನೆಯವರೆಗೂ ಸ್ವಚ್ಛವಾಗಿ ಕಾಣಲಿಲ್ಲ. ದಪ್ಪ ಕನ್ನಡಕ ಹಾಕಿಕೊಂಡೂ ಅಜ್ಜ ಗೋಡೆ ಹಿಡಿದು ನಡೆಯುತ್ತಿದ್ದ. ಆ ರಾತ್ರಿಯ ಸಂಗತಿಯನ್ನು ಅಪ್ಪನಿಗಾಗಲಿ, ಗಂಡನಿಗಾಗಲಿ, ನಮಗಾಗಲಿ ಅವಳು ಹೇಳಿರಲಿಲ್ಲ.

ಅಂದಿನ ಆಪರೇಶನ್ನುಗಳಲ್ಲಿ ಕಣ್ಣು ಮಬ್ಬಾಗಿ ಉಳಿಯಲು ಹತ್ತು ಕಾರಣಗಳಿದ್ದವು. ಅದು ನಿನ್ನಿಂದಲೇ ಆಯಿತೆಂದು ಹೇಳಲು ಬರುವುದಿಲ್ಲ ಎಂದೆ. ನಾನು ಓದಿ ತಿಳಿದಷ್ಟು ಮಟ್ಟಿಗೆ ಅದು ಸತ್ಯವೇ. ಹದಿನೈದು ವರ್ಷದ ಹುಡುಗಿಯನ್ನು ಏಳು ರಾತ್ರಿ ಎಚ್ಚರವಾಗಿ ಕೂರಿಸಿದವರ ತಪ್ಪು ಯಾರಿಗೂ ಕಾಣಲಿಲ್ಲವೇ ಎಂದೂ ಕೇಳಿದೆ. ಆಯಿ ಮುಚ್ಚಿದ ಕಣ್ಣು ತೆರೆಯಲಿಲ್ಲ.

“ಐದು ನಿಮಿಷ ಆತು. ಇನ್ನೊಂದು ಹಾಕು” ಎಂದಳು.

ಹಾಕಿದೆ.

ತಿಂಗಳು ತುಂಬಿದ ಮೇಲೆ ಕನ್ನಡಕ ಕೊಟ್ಟರು; ಓದುವುದಕ್ಕೆ ಮಾತ್ರ. ಆಯಿಯನ್ನು ಊರಿಗೆ ಬಿಡಲು ಹೋದೆ. ಕೃತಜ್ಞತೆಯ ಮಾತೇನಾದರೂ ಬಂದೀತೆಂದು ನಾನು ನಿರೀಕ್ಷಿಸಿದ್ದರೆ ಅದು ನನ್ನ ಭ್ರಮೆ. ಅಡಿಗೆಮನೆಯ ಬಾಗಿಲಲ್ಲಿ ನಿಂತವಳೇ ಕೆಂಡಾಮಂಡಲವಾದಳು. ಜಂತಿಯಲ್ಲಿ ಇಲ್ಲಣ, ಪಾತ್ರೆಗಳ ಬೆನ್ನಿಗೆ ಜಿಡ್ಡು, ಒಲೆಯ ಹಿಂದೆ ಜೇಡರ ಬಲೆ. ಇಷ್ಟು ಕೊಳಕಿನಲ್ಲಿ ಇಷ್ಟು ವರ್ಷ ನನ್ನನ್ನು ಇರಗೊಟ್ಟಿರಲ್ಲ, ಒಬ್ಬರಾದರೂ ಹೇಳಲಿಲ್ಲವಲ್ಲ ಎಂದು ನನ್ನ ಮೇಲೆ ಹರಿಹಾಯ್ದಳು. ಬೈಯುತ್ತ ಬೈಯುತ್ತ ನನ್ನ ಮುಖವನ್ನು ನೋಡಿ ಒಮ್ಮೆಗೇ ನಿಂತಳು.

“ತಮಾ, ನಿನ್ನ ತಲೆ ಇಷ್ಟು ಬೆಳ್ಳಗೆ ಯಾವಾಗ ಆತು?”

ಇನ್ನೊಂದು ಕಣ್ಣಿನ ಪೊರೆಯೂ ಹಣ್ಣಾಗುತ್ತ ಬಂದಿದೆ. ಈ ವರ್ಷ ಅಡಿಕೆಯ ಕೊನೆಕೊಯ್ಲು ಮುಗ���ದ ಮೇಲೆ ಎಂದು ದಿನ ಗೊತ್ತು ಮಾಡಿದ್ದೇವೆ. ಈ ಸಲ ನಾನು ಆಸ್ಪತ್ರೆಗೆ ಬರೆಯುವ ಮೊದಲು ಕಾಲೇಜಿಗೆ ರಜೆಯ ಅರ್ಜಿ ಬರೆದೆ. ನೆರೆಮನೆಗೆ ಹೋಗಿ ಕೊಟ್ಟಿಗೆಯ ಮಾತನ್ನು ಆಡಿ ಬಂದೆ. ಆಶಾ ಕಾರ್ಯಕರ್ತೆಯ ಕೈಗೆ ಅಕ್ಕನ ನಂಬರನ್ನೂ ಕೊಟ್ಟೆ. ಕಳೆದ ವಾರ ಊರಿನಿಂದ ಹೊರಡುವಾಗ ಆಯಿ ಒಳಗಿನಿಂದ ಆರು ಅಡಿಕೆಗಳನ್ನು ತಂದು ನನ್ನ ಕೈಯಲ್ಲಿಟ್ಟಳು.

“ಇದು ನಿನ್ನ ಹತ್ರನೇ ಇರ್ಲಿ” ಎಂದಳು.